ಊರಲಾಗದ ಮೊಣಕಾಲು: ರೋಬೋಟ್ ಮಹಾಶಯರಿಗೆ ಡ್ರಿಲ್ ಮಾಸ್ಟ್ರ ದೂರು

ಜೆಪ್ಪು, ಮಂಗಳೂರು
ಡಿಸೆಂಬರ್ ತಿಂಗಳ ಒಂದು ಭಾನುವಾರ, ಪೂಜೆ ಮುಗಿಸಿ ಬಂದ ಮೇಲೆ

ಇವರಿಗೆ,
ಶ್ರೀಮಾನ್ ರೋಬೋಟ್ ತೋಳು ಮಹಾಶಯರು,
ಮೂಳೆ ವಿಭಾಗದ ಆಪರೇಷನ್ ಥಿಯೇಟರ್,
ಬಾಗಿಲು ತೆಗೆದ ಕೂಡಲೇ ಎಡಗಡೆ, ಬಿಳಿ ಪ್ಲಾಸ್ಟಿಕ್ ಹೊದಿಕೆಯೊಳಗೆ.

ವಿಷಯ: ತಾವು ಕೂಡಿಸಿಕೊಟ್ಟ ನನ್ನ ಬಲ ಮೊಣಕಾಲು ತಮ್ಮನ್ನು ಬಿಟ್ಟು ಬೇರೆಯವರ ಮಾತು ಕೇಳುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮನೆಯಲ್ಲಿ ಕ್ಷೇಮವಾಗಿದ್ದೇನೆ. ತಾವೂ ತಮ್ಮ ವಯರು, ಪರದೆ, ಅಲಾರ್ಮುಗಳ ಸಮೇತ ಕ್ಷೇಮವಾಗಿದ್ದೀರಿ, ಆ ಕೋಣೆಯ ಏಸಿ ತಮಗೆ ಹದವಾಗಿದೆ, ಕರೆಂಟು ಕೈಕೊಡುತ್ತಿಲ್ಲ ಎಂದು ನಂಬಿ ಈ ನಾಲ್ಕು ಸಾಲು ಬರೆಯುವ ಧೈರ್ಯ ಮಾಡಿದ್ದೇನೆ. ತಮಗೆ ನನ್ನ ಮುಖದ ಪರಿಚಯ ಇರಲಾರದು. ನಮ್ಮ ಭೇಟಿಯ ದಿನ ನನ್ನ ಮುಖ ಹಸಿರು ಬಟ್ಟೆಯ ಆಚೆಗಿತ್ತು, ಮೊಣಕಾಲು ಮಾತ್ರ ಈಚೆಗಿತ್ತು. ಆದ್ದರಿಂದ ಹೇಳಿಬಿಡುತ್ತೇನೆ: ನಾನು ಆರ್ಥರ್ ಮಿಸ್ಕಿತ್, ವಯಸ್ಸು ಅರವತ್ತೆಂಟು, ಇಲ್ಲಿನ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಡ್ರಿಲ್ ಮಾಸ್ಟ್ರಾಗಿದ್ದು ನಿವೃತ್ತನಾದವನು. ಕನ್ನಡ ಪಂಡಿತರು ರಜೆ ಹಾಕಿದಾಗಲೆಲ್ಲ ಅವರ ತರಗತಿ ನನ್ನ ತಲೆಗೆ ಬೀಳುತ್ತಿತ್ತು. ನನಗೆ ಬರುತ್ತಿದ್ದ ಪಾಠ ಪತ್ರಲೇಖನ ಒಂದೇ ಆದ್ದರಿಂದ, ಈ ಊರಿನ ಅರ್ಧ ಜನ ಇಂದು ಕಾರ್ಪೊರೇಷನ್ನಿಗೆ ಬರೆಯುವ ದೂರುಗಳ ಒಕ್ಕಣೆ ನಾನು ಕಲಿಸಿದ್ದು ಎಂದು ವಿನಯದಿಂದ ತಿಳಿಸುತ್ತೇನೆ.

ದೂರಿಗೆ ಮೊದಲು ಹೊಗಳಿಕೆ ಇರಬೇಕು ಎಂಬುದು ಆ ಪಾಠದ ನಿಯಮ. ಅಬ್ಬಬ್ಬಾ, ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನನ್ನ ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ಮೊಳೆ ಹೊಡೆದು, ಆ ಮೊಳೆಗಳಿಗೆ ಕಣ್ಣಿಟ್ಟು ನೋಡಿ, ಡಾಕ್ಟರ ಕೈಯಲ್ಲಿದ್ದ ಗರಗಸ ಅರ್ಧ ಮಿಲಿಮೀಟರ್ ಆಚೀಚೆ ಹೋಗದಂತೆ ತಾವು ತಡೆದು ಹಿಡಿದಿರಂತೆ. ಗೆರೆ ದಾಟುವ ಸೂಚನೆ ಕಂಡರೆ ತಮ್ಮ ತೋಳು ತಾನಾಗಿ ನಿಂತುಬಿಡುತ್ತದೆಯಂತೆ. ಇಂಥ ಸದ್ಗುಣವನ್ನು ಒಂದು ಆಪರೇಷನ್ ಥಿಯೇಟರಿನಲ್ಲಿ ಬಚ್ಚಿಡುವುದು ನ್ಯಾಯವೇ? ಬಿಡುವಾದಾಗ ತಾವು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ದಯಮಾಡಿಸಿ, ಗೆರೆ ಕಂಡಲ್ಲಿ ನಿಲ್ಲುವುದು ಹೇಗೆಂದು ನಮ್ಮ ಸಿಟಿ ಬಸ್ಸುಗಳಿಗೆ ಒಂದು ವಾರದ ತರಬೇತಿ ಕೊಡಬೇಕಾಗಿ ಪ್ರಾರ್ಥನೆ. ಅಲ್ಲಿಂದ ಜೆಪ್ಪುವಿನವರೆಗಿನ ರಸ್ತೆಗುಂಡಿಗಳನ್ನೂ ಅದೇ ಅರ್ಧ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವನ್ನು ನಾನು ಬರೀ ಕೂಗಿನಿಂದ ಅಳೆದಿದ್ದೇನೆ.

ಆಪರೇಷನ್ ಆದ ಸಂಜೆಯೇ ನನ್ನನ್ನು ಎಬ್ಬಿಸಿ, ಕೈಗೆ ವಾಕರ್ ಕೊಟ್ಟು, ಎಂಟು ಹೆಜ್ಜೆ ನಡೆಸಿದರು. ನಡೆದೆ! ನೋಡಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಎಲ್ಲ ರೋಬೋಟಿನ ಮಹಿಮೆ, ಇನ್ನು ನಾನು ಮಾಡಲಿಕ್ಕೆ ಎಂತದೂ ಇಲ್ಲ. ಕೀಲು ಹೊಸತು, ಅಳತೆ ಕರಾರುವಾಕ್ಕು, ಕೆಲಸ ಮುಗಿಯಿತು ಎಂದು ನಾನು ನಂಬಿದ್ದೆ. ಹಾಗೆ ನಂಬಲು ನನಗೊಂದು ಅವಸರದ ಕಾರಣವೂ ಇತ್ತು, ಅದನ್ನು ತಮಗೆ ಹೇಳಬೇಕು.

ನಮ್ಮ ಶಾಲೆಗೆ ಈ ವರ್ಷ ಅರವತ್ತು ತುಂಬಿತು. ಡಿಸೆಂಬರಿನ ಕ್ರೀಡಾಕೂಟದಲ್ಲಿ ಹಳೆ ವಿದ್ಯಾರ್ಥಿಗಳ ಕವಾಯತು, ಅದರ ಮುಂದಾಳು ನಾನು. ಇನ್ನೂರು ಮೀಟರಿನ ಮೈದಾನಕ್ಕೆ ಒಂದು ಸುತ್ತು. ಈಗಿನ ಹೆಡ್‌ಮಾಸ್ಟ್ರು ಮೆಲ್ವಿನ್, ನನ್ನದೇ ಶಿಷ್ಯ, ಆಪರೇಷನ್ನಿನ ಮರುದಿನ ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದು, "ಸರ್, ನೀವು ನಡೆಯುವುದೆಲ್ಲ ಬೇಡ. ಒಂದು ಜೀಪ್ ಉಂಟು. ಮೇಲಿನ ಹೊದಿಕೆ ತೆಗೆದು ಹೂ ಕಟ್ಟಿಸ್ತೇನೆ. ನೀವು ಅದರಲ್ಲಿ ನಿಂತು ಕೈ ಬೀಸಿದರೆ ಆಯ್ತು" ಎಂದ. ನನ್ನ ರಕ್ತ ಕುದಿಯಿತು. ಮುಂದಾಳಿನ ಕಾಲು ನೆಲದ ಮೇಲಿರಬೇಕು ಎಂದು ಮೂವತ್ತಮೂರು ವರ್ಷ ಗಂಟಲು ಹರಿದುಕೊಂಡವನು ನಾನು. ಹೂ ಕಟ್ಟಿದ ಗಾಡಿಯಲ್ಲಿ ನಾನು ಒಂದು ದಿನ ಹೋಗುವುದು ಹೇಗೂ ಇದ್ದದ್ದೇ, ಅದಕ್ಕೆ ರಿಹರ್ಸಲ್ ಬೇಡ ಮಾರಾಯ ಎಂದು ಹೇಳಿ ಕಳಿಸಿದೆ. ನಡೆದರೆ ಮಾಸ್ಟ್ರು, ಜೀಪು ಹತ್ತಿದರೆ ಬರೀ ಮುದುಕ. ನನ್ನ ಮಟ್ಟಿಗೆ ಲೆಕ್ಕ ಅಷ್ಟೇ ಇತ್ತು, ಕೈಯಲ್ಲಿ ಹನ್ನೊಂದು ವಾರ ಇತ್ತು.

ಆ ಹನ್ನೊಂದರಲ್ಲಿ ಎರಡು ವಾರವನ್ನು ನಾವು ಹೇಗೆ ಹಾಳುಮಾಡಿದೆವು ಎಂಬುದನ್ನು ಕೇಳುವ ಕೃಪೆ ಮಾಡಬೇಕು. ನಮ್ಮ ಚರ್ಚಿನ ವಾರ್ಡಿನ ಹೆಂಗಸರು ರೋಗಿಯ ಮನೆಗೆ ಬಂದು ತೇರ್ಸ ಹೇಳುವುದು, ಅಂದರೆ ಜಪಮಣಿ ಹಿಡಿದು ಪ್ರಾರ್ಥಿಸುವುದು, ನಮ್ಮಲ್ಲಿ ಕ್ರಮ. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೂ ಮಂಚದ ಹತ್ತಿರ ಬಂದು, "ಅಯ್ಯೋ ಪಾಪ, ಕಾಲಿಗೆ ಆಧಾರವೇ ಇಲ್ಲವಲ್ಲ ಎಸ್ತೆರ್ ಬಾಯಿ" ಎಂದು ನನ್ನ ಹೆಂಡತಿಯನ್ನು ಬೈದು, ಮೊಣಕಾಲಿನ ಅಡಿಗೆ ಒಂದು ದಿಂಬು ತುರುಕಿ ಹೋಗುವರು. ಮರುದಿನದವರಿಗೆ ಆ ದಿಂಬು ಸಾಕಾಗದು, ಇನ್ನೊಂದು ತುರುಕುವರು. ವಾರ ಕಳೆಯುವಾಗ ನನ್ನ ಕಾಲು ಮೂರು ದಿಂಬುಗಳ ಮೇಲೆ ಪವಡಿಸಿತ್ತು. ಅರ್ಧ ಮಿಲಿಮೀಟರಿನ ತಮ್ಮ ತಪಸ್ಸನ್ನು ನಮ್ಮ ಹೆಂಗಸರು ಅರ್ಧ ಮೀಟರಿನ ಪ್ರೀತಿಯಿಂದ ಮಣ್ಣುಪಾಲು ಮಾಡಿದರು. ಕಾಲು ಬಾಗಿದಲ್ಲೇ ಗಟ್ಟಿಯಾಗುತ್ತಿತ್ತು, ನಾವು ಅದನ್ನು ಸುಖ ಎಂದುಕೊಂಡಿದ್ದೆವು.

ನನ್ನ ತಪ್ಪು ಅದಕ್ಕಿಂತ ಘನವಾದದ್ದು. ಆಸ್ಪತ್ರೆಯವರು ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಿದ್ದರು: ತೊಡೆ ಬಿಗಿಹಿಡಿಯುವುದು, ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮೊಣಕಾಲು ಮಡಚುವುದು. ಸ್ನಾಯುವಿನ ವಿಷಯವನ್ನು ನನಗೆ ಹೇಳಿಕೊಡುವುದೇ ಎಂದು ನಕ್ಕೆ. ಡ್ರಿಲ್ ಮಾಸ್ಟ್ರು ಯಾವ ವ್ಯಾಯಾಮವನ್ನೂ ಒಮ್ಮೆ ಮಾಡಿ ತೋರಿಸುತ್ತಾನೆ, ಆಮೇಲೆ ಸೀಟಿ ಊದುತ್ತಾ ನಿಲ್ಲುತ್ತಾನೆ. ನಾನೂ ಹಾಗೆಯೇ ಮಾಡಿದೆ ಸ್ವಾಮೀ! ಎಡಗಾಲನ್ನು ಚೆಂದಕ್ಕೆ ಎತ್ತಿ ತೋರಿಸಿದೆ, ಬಲಗಾಲಿಗೆ ಆಜ್ಞೆ ಕೊಟ್ಟೆ, ಸೀಟಿಯನ್ನೂ ಊದಿದೆ. ಬಲಗಾಲು ಕೊನೆಯ ಬೆಂಚಿನ ಹುಡುಗನ ಹಾಗೆ ಸುಮ್ಮನೆ ಬಿದ್ದುಕೊಂಡಿತು. ನಾಳೆ ಎದ್ದೀತು ಎಂದು ಬಿಟ್ಟೆ. ದಿನಕ್ಕೆ ನಾಲ್ಕು ಸಲ ಹೀಗೆ ಎರಡು ವಾರ ನಡೆಯಿತು, ನನ್ನ ಎಡಗಾಲು ಈಗಲೂ ಕಬ್ಬಿಣ.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಕಾಲು ನೋಡಿ ಮುಖ ಸಣ್ಣ ಮಾಡಿಕೊಂಡು, ಮನೆಗೆ ಒಬ್ಬ ಫಿಸಿಯೋಥೆರಪಿಸ್ಟನ್ನು ಕಳಿಸುತ್ತೇನೆ ಎಂದರು. ಬಂದವಳು ನಜ್ಲಾ. ತೊಕ್ಕೊಟ್ಟಿನಿಂದ ಸ್ಕೂಟರಿನಲ್ಲಿ, ನೇತ್ರಾವತಿ ಸೇತುವೆಯ ಟ್ರಾಫಿಕ್ಕು ದಾಟಿ ಬರುವ, ತಲೆಗೆ ಬೂದುಬಣ್ಣದ ಶಾಲು ಸುತ್ತಿದ, ಸುಮಾರು ಮೂವತ್ತರ ಹೆಣ್ಣುಮಗಳು. ಒಳಗೆ ಬಂದವಳು ಮೊದಲು ಮೂರೂ ದಿಂಬುಗಳನ್ನು ಎಳೆದು ತೆಗೆದು ಎಸ್ತೆರಳ ಕೈಗೆ ಕೊಟ್ಟು, "ಇದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಆಂಟಿ" ಎಂದಳು. ಕೋನ ಅಳೆಯುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಕಾಲಿಗೆ ಹಿಡಿದು ನೋಡಿ, ಮಡಚುವುದು ಅರವತ್ತಕ್ಕೆ ನಿಂತಿದೆ, ತೊಂಬತ್ತಾದರೂ ದಾಟಬೇಕಿತ್ತು, ನೆಟ್ಟಗಾಗಲು ಇನ್ನೂ ಹದಿನೈದು ಡಿಗ್ರಿ ಬಾಕಿ ಎಂದಳು. ನಾನು ತಮ್ಮ ಹೆಸರು ಹೇಳಿ, ರೋಬೋಟ್ ಮಾಡಿದ ಕೆಲಸದಲ್ಲಿ ತಪ್ಪಿರಲಿಕ್ಕಿಲ್ಲ ಎಂದು ವಾದಿಸಿದೆ. "ರೋಬೋಟ್ ಮೂಳೆ ಕೊಯ್ಯಲಿಕ್ಕೆ ಸಹಾಯ ಮಾಡ್ತದೆ ಸರ್. ಆಪರೇಷನ್ ಆದ ಮೇಲೆ ತೊಡೆಯ ಸ್ನಾಯು ಹೆದರಿ ಮಲಗ್ತದೆ. ಅದನ್ನು ಏಳಿಸುವುದು ನೀವೇ. ಹೀಗೇ ಬಿಟ್ಟರೆ ಜೀಪೇ ಗತಿ" ಎಂದಳು. ಜೀಪಿನ ಸುದ್ದಿ ಎಸ್ತೆರ್ ಆಗಲೇ ಹೇಳಿಬಿಟ್ಟಿದ್ದಳು.

ಅಂದಿನಿಂದ ಶುರುವಾದ ಶಿಕ್ಷೆಯನ್ನು ವರ್ಣಿಸುವುದು ನನ್ನ ವಯಸ್ಸಿಗೆ ಶೋಭೆಯಲ್ಲ, ಆದರೂ ವರ್ಣಿಸುತ್ತೇನೆ. ಅವಳು ಮೊದಲು ಬಾತ್‌ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಅದರ ಮೇಲೆ ತನ್ನ ಎಡ ಮೊಣಕಾಲು ಊರಿ ಮಂಚದ ಪಕ್ಕ ಕೂರುವಳು. ನಮ್ಮ ನೆಲ ನುಣ್ಣಗಿನ ಟೈಲ್ಸು, ಇಷ್ಟು ನಾಜೂಕು ಯಾಕಪ್ಪಾ ಎಂದು ನಾನು ಕುಹಕ ಆಡಿದ್ದೂ ಇದೆ. ಅವಳು ಸುಮ್ಮನೆ ನಕ್ಕಿದ್ದಳು. ಕಾಲು ನೆಟ್ಟಗೆ ಮಾಡಿ ಅವಳು ಹಾಸಿಗೆಯಿಂದ ಒಂದು ಗೇಣು ಎತ್ತಿ ಕೊಟ್ಟದ್ದನ್ನು ನಾನು ಹಾಗೆಯೇ ಹಿಡಿಯಬೇಕು, ಹತ್ತು ಎಣಿಸುವವರೆಗೆ ಇಳಿಸಕೂಡದು. ಒನ್, ಟೂ, ತ್ರೀ ಎಂದು ಸರಸರ ಎಣಿಸಿಕೊಂಡು ಹೋದವಳು ಎಂಟಕ್ಕೆ ಬಂದು "ಏ...ಟ್" ಎಂದು ಎಳೆದು, ಅಲ್ಲೇ ಬಿಟ್ಟು, ಎದ್ದು ಅಡುಗೆಮನೆಗೆ ಹೋಗಿ, ಎಸ್ತೆರಳ ಹತ್ತಿರ ಬಂಗುಡೆ ಮೀನಿಗೆ ಎಷ್ಟು ಹುಳಿ ಹಾಕುತ್ತೀರಿ ಎಂದು ವಿಚಾರಿಸಿ, ಒಂದು ಲೋಟ ನೀರು ಕುಡಿದು, ನಿಧಾನಕ್ಕೆ ಹಿಂದೆ ಬಂದು "ನೈನ್" ಎನ್ನುವಳು. ಅಷ್ಟರಲ್ಲಿ ನನ್ನ ತೊಡೆ ಥರಥರ ನಡುಗಿ, ನಾನು ಸಕಲ ಸಂತರ ಹೆಸರನ್ನೂ ಎರಡು ಸುತ್ತು ಕರೆದಾಗಿರುತ್ತಿತ್ತು.

ಆ ಹೊತ್ತುಗಳಲ್ಲಿ ನಾನು ತಮ್ಮನ್ನು ನೆನೆಯದ ದಿನವಿಲ್ಲ. ತಾವು ಎಲ್ಲಿದ್ದಿರಿ ಸ್ವಾಮೀ? ಇಡೀ ಮಂಗಳೂರಿನಲ್ಲಿ ತಮ್ಮ ಹೆಸರು, ತಮ್ಮ ಫೋಟೋ. ಕೂಳೂರು ಸೇತುವೆಯ ಹತ್ತಿರದ ಬೋರ್ಡಿನಲ್ಲಿ ತಾವು ಒಬ್ಬ ನಗುವ ಅಜ್ಜಿಯ ಪಕ್ಕ ನಿಂತಿರುವುದನ್ನು ನಾನೇ ನೋಡಿದ್ದೇನೆ. ಆ ಅಜ್ಜಿಯ ತೊಡೆ ಯಾರ ಎಂಟಕ್ಕೆ ನಡುಗಿತ್ತು ಎಂದು ಬೋರ್ಡಿನಲ್ಲಿ ಬರೆದಿಲ್ಲ. ಒಂದೇ ಒಂದು ದಿನ ತಾವು ಆ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಟ್ಟು, ಹನ್ನೆರಡನೇ ನಂಬರಿನ ನಮ್ಮ ಮನೆಗೆ ಬಂದು, ನನ್ನ ಬದಲು ಕಾಲೆತ್ತಿ ಹಿಡಿಯಬಹುದಿತ್ತು. ಹೋಗಲಿ, ವಾರ್ಡಿನ ಹೆಂಗಸರು ದಿಂಬು ತರುವಾಗ ಬಾಗಿಲಲ್ಲಿ ಅಡ್ಡ ನಿಂತು ಅಲಾರ್ಮನ್ನಾದರೂ ಹೊಡೆಯಬಹುದಿತ್ತು.

ಆದರೂ ಸುಳ್ಳು ಹೇಳಬಾರದು. ನಾಲ್ಕನೇ ವಾರಕ್ಕೆ ಬಲಗಾಲು ತಾನಾಗಿ ಒಂದು ಗೇಣು ಎದ್ದಿತು, ಎದ್ದು ನಿಂತಿತು. ಎಸ್ತೆರ್ ಅಡುಗೆಮನೆಯಿಂದ ಓಡಿಬಂದು ಶಿಲುಬೆಯ ಗುರುತು ಹಾಕಿದಳು. ವಾಕರ್ ಹೋಗಿ ಕೋಲು ಬಂತು. ಆರನೇ ವಾರದಲ್ಲಿ ಮೊಣಕಾಲು ನೂರು ಡಿಗ್ರಿ ಮಡಚಿತು. ಆ ಸಂತೋಷದಲ್ಲಿ ನಾನು ದೊಡ್ಡ ಮನಸ್ಸು ಮಾಡಿ, ಎಲ್ಲ ಸರಿ ಮಗಾ, ಆದರೆ ಎಂಟಕ್ಕೆ ನಿಲ್ಲಿಸಿ ಹೊರಗೆ ಹೋಗುವ ಈ ದರಿದ್ರ ಬುದ್ಧಿಯನ್ನು ನಿನಗೆ ಯಾವ ಕಾಲೇಜಿನಲ್ಲಿ ಕಲಿಸಿದರು ಎಂದು ಕೇಳಿದೆ.

"ಕಾಲೇಜಲ್ಲ ಸರ್, ಹೈಸ್ಕೂಲು. ನೀವೇ ಕಲಿಸಿದ್ದು" ಎಂದಳು.

ಮಾನ್ಯರೇ, ತಮಗೆ ನೆನಪು ಎಂಬುದು ಇರಲಾರದು, ಒಂದು ಕಾಲು ಮುಗಿದ ಮೇಲೆ ಇನ್ನೊಂದು ಕಾಲಿನ ಚಿತ್ರ ಬರುತ್ತದೆ, ಪುಣ್ಯವಂತರು. ನನಗೆ ನೆನಪಾಯಿತು. ಬುಧವಾರ ಬಿಳಿ ಕ್ಯಾನ್ವಾಸ್ ಶೂ ಹಾಕಿ ಬರಬೇಕು ಎಂಬುದು ನನ್ನ ಕಾನೂನು. ಹಾಕದವರು ಧ್ವಜಸ್ತಂಭದ ಬುಡದಲ್ಲಿ, ಜಲ್ಲಿಯ ಮೇಲೆ, ಮೊಣಕಾಲೂರಬೇಕು. ನಾನು ಹತ್ತು ಎಣಿಸುತ್ತಿದ್ದೆ. ಎಂಟಕ್ಕೆ ನಿಲ್ಲಿಸಿ, ಸ್ಟಾಫ್‌ರೂಮಿಗೆ ಹೋಗಿ, ಚಹಾ ಕುಡಿದು, ಪೇಪರಿನ ಕೊನೆಯ ಪುಟ ಓದಿ, ಬಂದು "ನೈನ್" ಎನ್ನುತ್ತಿದ್ದೆ. ಸಹೋದ್ಯೋಗಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅದು ನನ್ನ ಸ್ವಂತ ಆವಿಷ್ಕಾರ ಎಂದು ನನಗೆ ಎಂಥಾ ಹೆಮ್ಮೆ ಇತ್ತು! ಒಂಬತ್ತನೇ ಕ್ಲಾಸಿನ ನಜ್ಲಾ ಹಿಂದಿನ ದಿನ ತೊಳೆದ ಶೂ ಒಣಗಿರಲಿಲ್ಲ ಎಂದು ಚಪ್ಪಲಿಯಲ್ಲಿ ಬಂದಿದ್ದಳಂತೆ. ಹೇಳಲು ಬಾಯಿ ತೆರೆದಾಗ ನಾನು ಸೀಟಿ ಊದಿದೆನಂತೆ. ಅವತ್ತು ಸ್ಟಾಫ್‌ರೂಮಿನಲ್ಲಿ ಯಾವುದೋ ಮೀಟಿಂಗು ಸೇರಿತ್ತು, ನಾನು ಎಂಟು ಹೇಳಿ ಹೋದವನು ಮರೆತೇಬಿಟ್ಟೆ. ಬೆಲ್ಲಾಗುವವರೆಗೆ ಆ ಹುಡುಗಿ ಅಲ್ಲಿಂದ ಏಳಲಿಲ್ಲ. ಎಡ ಮೊಣಕಾಲಿಗೆ ಹೊಕ್ಕ ಜಲ್ಲಿಯ ಚೂರನ್ನು ಆಮೇಲೆ ಡಾಕ್ಟರು ತೆಗೆದರಂತೆ; ಊರಿದರೆ ಈಗಲೂ ಚುಚ್ಚಿದ ಹಾಗಾಗುತ್ತದಂತೆ. ಟವೆಲಿನ ನಾಲ್ಕು ಮಡಿಕೆಯ ಅರ್ಥ ನನಗೆ ಆಗ ಗೊತ್ತಾಯಿತು.

"ಸೇಡು ಅಲ್ಲ ಸರ್" ಎಂದಳು, ಪಟ್ಟಿಯನ್ನು ಚೀಲಕ್ಕೆ ಹಾಕುತ್ತಾ. "ಎಂಟರ ನಂತರವೇ ಸ್ನಾಯು ನಿಜವಾಗಿ ಕೆಲಸ ಮಾಡುವುದು, ಅದು ನನಗೆ ಅವತ್ತೇ ಗೊತ್ತಾಯ್ತು. ಎಲ್ಲ ಪೇಷೆಂಟಿಗೂ ಹೀಗೇ ಎಣಿಸ್ತೇನೆ. ಆದರೆ ಒಂಬತ್ತು ಹೇಳಲಿಕ್ಕೆ ನಾನು ಮರೆಯುವುದಿಲ್ಲ." ಅಷ್ಟು ಹೇಳಿ ಸ್ಕೂಟರ್ ಹತ್ತಿ ಹೋದಳು. ನನಗೆ ನಾಚಿಕೆಯಾಯಿತು. ಮುಖ ಎತ್ತಿ ಎಸ್ತೆರಳನ್ನು ನೋಡಲಿಕ್ಕೂ ನಾಚಿಕೆಯಾಯಿತು. ಮರುದಿನದಿಂದ ನಜ್ಲಾ ಬರುವ ಹೊತ್ತಿಗೆ ಮಂಚದ ಪಕ್ಕ ಟವೆಲನ್ನು ನಾನೇ ಮಡಚಿ ಹಾಸಿಡುತ್ತಿದ್ದೆ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು. ಮೂವತ್ತಮೂರು ವರ್ಷ ಬೇರೆಯವರಿಂದ ಹೇಳಿಸಿ ಅಭ್ಯಾಸ, ನೋಡಿ. ತೊಡೆಯ ಸ್ನಾಯುವಿಗಿಂತ ನಾಲಿಗೆಯ ಸ್ನಾಯು ಏಳಿಸುವುದು ಕಷ್ಟವಾಯಿತು.

ನಿನ್ನೆ ಕವಾಯತು ನಡೆಯಿತು. ಮೆಲ್ವಿನ್ ಮುಂಜಾಗ್ರತೆಗೆ ಜೀಪನ್ನು ಹೂ ಕಟ್ಟಿಯೇ ಗೇಟಿನ ಹತ್ತಿರ ನಿಲ್ಲಿಸಿದ್ದ. ನಾನು ಅದರ ಕಡೆ ನೋಡಲಿಲ್ಲ. ಕೋಲನ್ನು ಎಸ್ತೆರಳಿಗೆ ಕೊಟ್ಟು, ಬಿಳಿ ಶೂ ಬಿಗಿದು, ಮುಂದೆ ನಿಂತೆ. ಮೊದಲ ನೂರು ಮೀಟರು ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ. ತಿರುವಿನಲ್ಲಿ ಬಲತೊಡೆ ನಡುಗಲು ಶುರುವಾಯಿತು, ಹಿಂದೆ ಬ್ಯಾಂಡು ಜೋರಾಯಿತು, ಜೀಪಿನ ಹೂವು ಕಣ್ಣಿಗೆ ಬಿತ್ತು. ಧ್ವಜಸ್ತಂಭದ ಹತ್ತಿರ ಬೂದುಬಣ್ಣದ ಶಾಲು ಕಂಡಿತು. ಅವಳು ಕೂಗಲಿಲ್ಲ, ಕೈ ಬೀಸಲಿಲ್ಲ, ಬಲಗೈಯನ್ನು ತೊಡೆಯ ಮೇಲಿಟ್ಟು ಬಿಗಿಹಿಡಿ ಎಂದು ತೋರಿಸಿದಳು. ಬಿಗಿಹಿಡಿದೆ. ವೇದಿಕೆಯ ಮುಂದೆ ಹೋಗುವಾಗ ಸಲ್ಯೂಟ್ ಹೊಡೆದೆ, ಹೆಜ್ಜೆ ತಪ್ಪಲಿಲ್ಲ, ಸುತ್ತು ಮುಗಿಸಿದೆ. ನಡೆದೆ, ಮಾನ್ಯರೇ, ನಡೆದೇ ಮುಗಿಸಿದೆ.

ಚಪ್ಪಾಳೆ ನಿಲ್ಲುವ ಮೊದಲೇ ನಾನು ಧ್ವಜಸ್ತಂಭದ ಬುಡಕ್ಕೆ ಹೋದೆ. ಅಲ್ಲಿ ಈಗ ಜಲ್ಲಿ ಇಲ್ಲ, ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದಾರೆ. ಕ್ಷಮೆಯನ್ನು ನಾನು ಕಲಿಸಿದ ಕ್ರಮದಲ್ಲೇ ಕೇಳೋಣ ಎಂದು ಕಂಬ ಹಿಡಿದು ಬಗ್ಗಿದೆ. ಇನ್ನೇನು ಬಲ ಮೊಣಕಾಲು ನೆಲಕ್ಕೆ ತಾಗಬೇಕು, ನಜ್ಲಾ ಓಡಿಬಂದು ರಟ್ಟೆ ಹಿಡಿದು, "ಸರ್! ಎಂತ ಮಾಡ್ತಿದ್ದೀರಿ? ಹೊಸ ಕೀಲು ಅದು. ಮೊಣಕಾಲೂರಬಾರದು ಅಂತ ಡಾಕ್ಟರು ಎಷ್ಟು ಸಲ ಹೇಳ್ಲಿಕ್ಕೆ ಉಂಟು?" ಎಂದು ಎಲ್ಲರೆದುರು ಬೈದು ನೆಟ್ಟಗೆ ನಿಲ್ಲಿಸಿದಳು.

ಇದೇ, ಮಾನ್ಯರೇ, ತಮ್ಮ ಮೇಲೆ ನನ್ನ ದೂರು. ಉಳಿದದ್ದೆಲ್ಲ ಮುದುಕನ ಹರಟೆ ಎಂದು ತಿಳಿದು ಕ್ಷಮಿಸಿಬಿಡಿ, ಇದೊಂದನ್ನು ಬರೆದುಕೊಳ್ಳಿ. ಎಷ್ಟು ಮಕ್ಕಳ ಮೊಣಕಾಲುಗಳನ್ನು ನೆಲಕ್ಕೆ ಊರಿಸಿದೆನೋ ಅದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಅಂಥವನಿಗೆ ತಾವು ನಡೆಯುವ, ಮೆಟ್ಟಿಲು ಹತ್ತುವ, ಕವಾಯತು ಮಾಡುವ ಮೊಣಕಾಲು ಕೊಟ್ಟಿರಿ, ಊರುವ ಮೊಣಕಾಲು ಕೊಡಲಿಲ್ಲ. ಇಂದು ಬೆಳಿಗ್ಗೆ ಇಗರ್ಜಿಯ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ನಾನೊಬ್ಬ ಬೆಂಚಿನ ಮೇಲೆ ಸಾಹುಕಾರನ ಹಾಗೆ ಕೂತಿದ್ದೆ. ತಮ್ಮ ಕಂಪ್ಯೂಟರಿನೊಳಗೆ ನಿವೃತ್ತ ಡ್ರಿಲ್ ಮಾಸ್ಟ್ರುಗಳಿಗೆಂದೇ ಜೀವಮಾನದಲ್ಲಿ ಒಂದು ಸಲ, ಹತ್ತು ಎಣಿಸುವಷ್ಟು ಹೊತ್ತು, ಮೊಣಕಾಲೂರುವ ವಿನಾಯಿತಿಯನ್ನು ಸೇರಿಸಬೇಕಾಗಿ ಕಳಕಳಿಯ ಪ್ರಾರ್ಥನೆ. ನನ್ನ ಎಡಗಾಲು ಇನ್ನೂ ತಮ್ಮ ಕೈಗೆ ಸಿಕ್ಕಿಲ್ಲ. ಸಿಗುವ ಮೊದಲು ಉತ್ತರ ಬರಲಿ.

ನಿಂತೇ ಹೇಳಬೇಕಾಯಿತು. ಮೆಲ್ವಿನ್, ಎಸ್ತೆರ್, ಬಿಳಿ ಶೂ ಹಾಕಿದ ಈಗಿನ ಒಂಬತ್ತನೇ ಕ್ಲಾಸಿನ ಮಕ್ಕಳು, ಎಲ್ಲರೂ ಕೇಳುವ ಹಾಗೆ "ತಪ್ಪಾಯಿತು ನಜ್ಲಾ" ಎಂದೆ. ಅವಳು ನನ್ನ ರಟ್ಟೆ ಬಿಡಲಿಲ್ಲ. ಹಿಂದೆ ಜಲ್ಲಿ ಇದ್ದ ನೆಲ ನೋಡಿ, ಆಮೇಲೆ ನನ್ನ ಮುಖ ನೋಡಿ, "ನೈನ್" ಎಂದಳು. ತಡೆದು, "ಟೆನ್. ಆಯ್ತು ಸರ್, ಇನ್ನು ಕುಳಿತುಕೊಳ್ಳಿ" ಎಂದಳು.

ಇಂತಿ, ತಾವು ಕೊಟ್ಟ ಕಾಲಿನ ಮೇಲೆ ಅವಳು ನಿಲ್ಲಿಸಿದ,
ತಮ್ಮ ವಿಶ್ವಾಸಿ,
ಆರ್ಥರ್ ಮಿಸ್ಕಿತ್

ತಾಜಾಕಲಂ: ತಮ್ಮ ಆಸ್ಪತ್ರೆಯವರು ಅಭಿಪ್ರಾಯ ಕೇಳಿ ಒಂದು ಫಾರಂ ಕಳಿಸಿದ್ದಾರೆ. 'ನೀವು ಬೇಗ ಚೇತರಿಸಿಕೊಳ್ಳಲು ಕಾರಣ ಯಾರು?' ಎಂಬ ಪ್ರಶ್ನೆಗೆ ಮೂರೇ ಚೌಕಗಳಿವೆ: ಡಾಕ್ಟರು, ರೋಬೋಟ್, ಆಸ್ಪತ್ರೆಯ ವಾತಾವರಣ. ನಾನು ಕೆಳಗೆ ಕೈಯಲ್ಲೇ ನಾಲ್ಕನೆಯದೊಂದು ಚೌಕ ಎಳೆದು, ನಜ್ಲಾ ಎಂದು ಬರೆದು, ಅದಕ್ಕೆ ಗುರುತು ಹಾಕಿ ಕಳಿಸಿದ್ದೇನೆ. ಗೆರೆಗಳು ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಸೊಟ್ಟಗಾಗಿವೆ, ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.